ನಲವತ್ತು ದಿನ ಬಾಳಿದ ಅತ್ತೆ

ಆ ಮನುಷ್ಯ ಕಬ್ಬಿಣದ ಸಲಾಕೆಯಿಂದ ಆಸ್ಪತ್ರೆಯ ತರಬೇತಿ ಕೋಣೆಯ ಬಾಗಿಲ ಗಾಜು ಒಡೆದಾಗ ನನ್ನ ಕೈಯಲ್ಲಿ ಅತ್ತೆ ಇದ್ದಳು. ಅತ್ತೆ ಎಂದರೆ ನಾನೇ ಎರಕ ಹೊಯ್ದ ಜೆಲಟಿನ್ ಗಡ್ಡೆ. ಒಳಗೆ ರಕ್ತನಾಳದ ಬದಲು ಕೆಂಪು ನೀರು ತುಂಬಿದ ರಬ್ಬರ್ ಕೊಳವೆ. ಸ್ಕ್ಯಾನ್ ಪರದೆ ನೋಡುತ್ತ ನಾಳಕ್ಕೆ ಸೂಜಿ ಹಾಕುವುದನ್ನು ಕಿರಿಯ ಡಾಕ್ಟರುಗಳು ಅದರ ಮೇಲೆ ಕಲಿಯುತ್ತಿದ್ದರು. "ಎಷ್ಟು ಚುಚ್ಚಿದ್ರೂ ಬಯ್ಯದ ಅತ್ತೆ ಇವಳೊಬ್ಬಳೇ" ಎಂದು ಹೆಸರಿಟ್ಟವರೂ ಅವರೇ.

"ನಮ್ಮಕ್ಕನ ಕತ್ತು ಹಾಳು ಮಾಡಿದವಳು ಎಲ್ಲಿ? ಬಾರೇ ಈಚೆ!"

ಆ ಕಿರಿಯ ಡಾಕ್ಟರುಗಳಲ್ಲಿ ಒಬ್ಬಳಾದ ನನ್ನ ತಂಗಿಯ ಮಗಳು ಮೇಜಿನ ಹಿಂದೆ ಮುದುಡಿ ಕೂತಿದ್ದಳು. ಹಿಂದಿನ ದಿನ ಕತ್ತಿನ ನಾಳಕ್ಕೆ ಹಾಕಬೇಕಿದ್ದ ಅವಳ ಸೂಜಿ ಪಕ್ಕದ ಧಮನಿಗೆ ಹೊಕ್ಕು, ರೋಗಿಯ ಕತ್ತು ಊದಿ ಉಸಿರು ಕಟ್ಟಿತ್ತು. ಆ ರೋಗಿ ಈಗ ಉಸಿರಾಟದ ಯಂತ್ರದ ಆಸರೆಯಲ್ಲಿದ್ದಳು.

ಮೊದಮೊದಲು ಅತ್ತೆ ಮೂರೇ ದಿನಕ್ಕೆ ಬೂಸ್ಟು ಹಿಡಿದು ನಾರುತ್ತಿದ್ದಳು. ಗಾಯ ತೊಳೆಯುವ ಔಷಧಿ ಬೆರೆಸಿ, ಫ್ರಿಜ್ಜಿನಲ್ಲಿಟ್ಟು, ನಾನು ನಲವತ್ತು ದಿನ ಬಾಳಿಸಿದೆ. ತರಬೇತಿಯ ಮುಖ್ಯಸ್ಥೆ ಮೇಡಂ ಎಲ್ಲರೆದುರು ಹೊಗಳಿದರು. ಸಂಜೆ ತರಗತಿಯಲ್ಲಿ ಓದಿ ಆ ಕೋಣೆಯ ಸಹಾಯಕಿಯಾದ ನನ್ನನ್ನು ಅಲ್ಲಿ ಯಾರೂ ಹಾಗೆ ಹೊಗಳಿರಲಿಲ್ಲ. ಆದರೆ ಹತ್ತನೆಯ ದಿನವೇ ಹಳೆಯ ಸೂಜಿತೂತುಗಳು ಪರದೆಯ ಮೇಲೆ ಬಿಳಿ ಗೆರೆಗಳಾಗಿ ಕಂಡಿದ್ದವು. ಕಲಿಯುವವರು ನಾಳ ಹುಡುಕುವುದನ್ನು ಬಿಟ್ಟು ಗೆರೆ ಹಿಡಿದು ಹೋಗುತ್ತಿದ್ದರು. ಕರಗಿಸಿ ಮತ್ತೆ ಎರೆದರೆ ತೂತು ಮಾಯವಾಗುತ್ತದೆ, ಆದರೆ ದಿನದ ಎಣಿಕೆ ಮತ್ತೆ ಒಂದರಿಂದ. ಹೇಳಲೋ ಬೇಡವೋ ಎಂದು ತಿಂಗಳಿಡೀ ಒದ್ದಾಡಿದೆ. ಹೇಳಲಿಲ್ಲ.

ಅವನು ಮೇಜನ್ನು ಒದ್ದು ಉರುಳಿಸಿದ. ಹುಡುಗಿಯ ಜಡೆಗೆ ಕೈ ಹಾಕಿ ಎಳೆದ. ಅವಳ ಹಣೆ ನೆಲಕ್ಕೆ ಬಡಿಯಿತು.

"ಬಿಡಪ್ಪಾ! ತಪ್ಪು ನಂದು," ಎಂದೆ. "ಅವಳಿಗೆ ಸುಳ್ಳು ಪಾಠ ಕಲಿಸಿದ್ದು ಈ ಗಡ್ಡೆ. ಇದನ್ನ ಮಾಡಿದ್ದು ನಾನು."

ಅವನು ಜಡೆ ಬಿಟ್ಟ. ಮೊದಲ ಏಟಿಗೆ ಅತ್ತೆ ಒಡೆದು ಕೆಂಪು ನೀರು ನನ್ನ ಮುಖಕ್ಕೆ ರಾಚಿತು. ಎರಡನೆಯದಕ್ಕೆ ನನ್ನ ಮುಂಗೈ ಮೂಳೆ ಲಟಕ್ಕೆಂದಿತು. ಮೂರನೆಯದು ಭುಜಕ್ಕೆ. ನಾಲ್ಕನೆಯದು ಬೀಳುವಷ್ಟರಲ್ಲಿ ಇಬ್ಬರು ಕಾವಲುಗಾರರು ಅವನನ್ನು ನೆಲಕ್ಕೆ ಕೆಡವಿ ಬೂಟುಗಾಲಲ್ಲಿ ತುಳಿಯತೊಡಗಿದ್ದರು. "ಅಕ್ಕಾ, ಅಕ್ಕಾ" ಎಂದು ಅವನು ಅಳುತ್ತಿದ್ದ.

ಕೈಗೆ ಪಟ್ಟಿ ಕಟ್ಟಿದ ಮೇಲೆ ಮೇಡಂ ಬಂದು, "ಹುಡುಗೀನ ಉಳಿಸೋಕೆ ಎಂಥಾ ಸುಳ್ಳು ಹೇಳಿದೆಯಮ್ಮಾ! ದೊಡ್ಡ ಮನಸ್ಸು ನಿಂದು," ಎಂದು ತಲೆ ಸವರಿ ಹೋದರು. ಹುಡುಗಿ ನನಗೆ ನೀರು ಕುಡಿಸುತ್ತ ಬಿಕ್ಕುತ್ತಿದ್ದಳು.

"ನಂಗೋಸ್ಕರ ಏಟು ತಿಂದ್ಯಲ್ಲ, ದೊಡ್ಡಮ್ಮಾ."

"ಸುಳ್ಳಲ್ಲ ಕಣೇ," ಎಂದೆ. ಬಿಳಿ ಗೆರೆಯ ವಿಷಯ ಪೂರ್ತಿ ಹೇಳಿದೆ.

"ಯಾವಾಗಿಂದ ಗೊತ್ತು?"

"ಹತ್ತನೇ ದಿನದಿಂದ."

"ಹಾಗಾದ್ರೆ ನಂಗೆ ಸೂಜಿ ಹಾಕೋಕೆ ಬರಲ್ವಾ?"

"ಇಲ್ಲ."

ಅವಳು ಎಸೆದ ಗಾಜಿನ ಲೋಟ ಗೋಡೆಗೆ ಬಡಿದು ಚೂರಾಯಿತು. ಅವಳು ನನ್ನ ಕೆನ್ನೆಗೆ ಬಾರಿಸಿದಳು, ಒಮ್ಮೆ, ಮತ್ತೊಮ್ಮೆ.

"ಇನ್ನೂ ಹೊಡಿ. ಆದ್ರೆ ಮೊದಲು ಮೇಡಂನ ಹಿಡಿದು ಇದನ್ನ ಹೇಳು. ಅದೇ ಅತ್ತೆ ಮೇಲೆ ಇನ್ನೂ ಎಂಟು ಜನ ಪಾಸಾಗಿದ್ದಾರೆ. ಇವತ್ತು ಅವರು ಯಾರ ಕತ್ತೂ ಮುಟ್ಟಬಾರ್ದು."

ಚಪ್ಪಲಿಯನ್ನೂ ಮೆಟ್ಟದೆ, ಗಾಜಿನ ಚೂರುಗಳ ಮೇಲೆಯೇ ಅವಳು ಓಡಿದಳು.