ತಪ್ಪು ಹೇಳಿದ ಕಥೆ

ಹೂಂಗುಟ್ಟದಿದ್ದರೆ ನಮ್ಮ ಅಜ್ಜಿಯ ಕಥೆಗಳು ಮುಂದೆ ಹೋಗುತ್ತಿರಲಿಲ್ಲ. ಕುದುರೆ ಎತ್ತಿದ ಕಾಲು ಎತ್ತಿದಂತೆ, ರಾಜಕುಮಾರಿ ತೆರೆದ ಬಾಯಿ ತೆರೆದಂತೆ ನಿಂತುಬಿಡುತ್ತಿದ್ದರು. ಆಗ ಅಮ್ಮ ಬಸ್ ಕಂಡಕ್ಟರ್. ಅವಳು ‘ರೈಟ್’ ಅನ್ನದೆ ಬಸ್ಸು ಹೊರಡುವುದಿಲ್ಲ, ನಾನು ‘ಹೂಂ’ ಅನ್ನದೆ ಕಥೆ ಹೊರಡುವುದಿಲ್ಲ. ಒಂದೇ ಮನೆಯಲ್ಲಿ ಇಬ್ಬರು ಕಂಡಕ್ಟರುಗಳು ಎಂದು ನನಗೆ ಬಹಳ ಜಂಬವಿತ್ತು.

ನಾನು ಮುನಿಸಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದ ದಿನ ಅಜ್ಜಿ ಬೇರೊಂದು ಉಪಾಯ ಹೂಡುತ್ತಿದ್ದಳು. ಬೇಕೆಂದೇ ಕಥೆಯನ್ನು ತಪ್ಪಾಗಿ ಹೇಳುತ್ತಿದ್ದಳು.

“ಆಮೇಲೆ ರಾಜಕುಮಾರ ಎಮ್ಮೆ ಹತ್ತಿ ಯುದ್ಧಕ್ಕೆ ಹೊರಟ.”

ನಾನು ಗೋಡೆಯನ್ನೇ ನೋಡುತ್ತಿದ್ದೆ.

“ದಾರೀಲಿ ಕೆಸರು ಕಂಡು ಎಮ್ಮೆ ಮಲಗಿಬಿಡ್ತು. ಅವನೂ ಪಕ್ಕದಲ್ಲೇ ಮಲಗಿದ. ಇಬ್ಬರಿಗೂ ಒಳ್ಳೇ ನಿದ್ದೆ.”

“ಎಮ್ಮೆ ಅಲ್ಲ ಅಜ್ಜೀ, ಕುದುರೆ! ಬಿಳೀ ಕುದುರೆ!”

“ಹೌದಾ? ಮರೆತೇ ಹೋಗಿತ್ತು ನೋಡು. ಹಾಗಾದ್ರೆ ನೀನೇ ಹೇಳು ಮುಂದೆ.”

ಮುನಿಸು ಅಲ್ಲಿಗೆ ಮುಗಿಯುತ್ತಿತ್ತು. ಕುದುರೆಯ ಮೇಲೆ ಕೂತವಳು ಮುನಿಸಿಕೊಂಡಿರುವುದು ಹೇಗೆ?

ಬಸ್ಸುಗಳಲ್ಲಿ ತಾನಾಗಿಯೇ ಟಿಕೆಟ್ ಕೊಡುವ ಯಂತ್ರ ಬಂದು ಕಂಡಕ್ಟರುಗಳಿಗೆ ಕೆಲಸವಿಲ್ಲದಂತಾದಾಗ ಅಮ್ಮನಿಗೆ ನಲವತ್ತು ದಾಟಿತ್ತು. ಅಳುತ್ತಾಳೇನೋ ಎಂದು ನಾವೆಲ್ಲ ಕಾದೆವು. ಅವಳು ಮಾತ್ರ ನರ್ಸಿಂಗ್ ಡಿಪ್ಲೊಮಾಕ್ಕೆ ಸೇರಿ ಬಂದಳು. “ಮುದುಕರನ್ನ ಹತ್ತಿಸೋದು, ಇಳಿಸೋದು, ಬೀಳದ ಹಾಗೆ ಹಿಡ್ಕೊಳ್ಳೋದು ನಂಗೆ ಗೊತ್ತೇ ಇದೆ. ಉಳಿದಿದ್ದು ಕಲೀತೀನಿ,” ಅಂದಳು.

ಆ ವರ್ಷಗಳಲ್ಲಿ ನಮ್ಮ ಮನೆ ಮಾಯೆಯ ಅರಮನೆಯ ಹಾಗಿತ್ತು. ಬೆಳಗ್ಗೆ ಎದ್ದರೆ ಅಪ್ಪನ ಎಡಗೈ ಬ್ಯಾಂಡೇಜಿನೊಳಗೆ, ನನ್ನ ಕಾಲು ದಿಂಬಿನ ಮೇಲೆ. ಅಜ್ಜಿಯಂತೂ ಖಾಯಂ ರೋಗಿ. ಹೊಸ ಹೊಸ ಕಾಯಿಲೆ ಕಟ್ಟಿ, ಅದಕ್ಕೆ ತಕ್ಕ ನರಳಾಟ ನರಳಿ, ಸೊಸೆ ಸರಿಯಾಗಿ ಗುರುತಿಸಿದರೆ ಚಪ್ಪಾಳೆ ತಟ್ಟಿ ಎದ್ದು ಕೂರುತ್ತಿದ್ದಳು. ತಲೆತುಂಬ ಬ್ಯಾಂಡೇಜು ಸುತ್ತಿಕೊಂಡು ಬಾಗಿಲು ತೆರೆದರೆ ಹಾಲಿನವನು ಗಾಬರಿಯಾಗಿ, “ಏನಾಯ್ತಜ್ಜಿ?” ಅನ್ನುತ್ತಿದ್ದ. “ನಂಗೇನಾಗತ್ತೆ? ಸೊಸೆಗೆ ಪರೀಕ್ಷೆ,” ಅನ್ನುತ್ತಿದ್ದಳು ಅಜ್ಜಿ.

ಅಮ್ಮ ಪಾಸಾದಳು, ದೊಡ್ಡ ಆಸ್ಪತ್ರೆಯಲ್ಲಿ ಕೆಲಸವೂ ಸಿಕ್ಕಿತು. ಮೂಳೆ ಮುರಿದವರ ವಾರ್ಡು. ಗಾಲಿಕುರ್ಚಿ ತಳ್ಳುವಾಗ ಈಗಲೂ ಅವಳು ‘ರೈಟ್, ರೈಟ್’ ಅನ್ನುತ್ತಾಳಂತೆ. ರೋಗಿಗಳೂ ಅಷ್ಟೇ, ನಿಲ್ಲಿಸಬೇಕಾದರೆ ‘ಹೋಲ್ಡಾನ್’ ಎಂದು ಕೂಗುತ್ತಾರಂತೆ.

ಕಳೆದ ವಾರ ಅಮ್ಮ ಕನ್ನಡಕ ಮರೆತು ಹೋಗಿದ್ದಳು. ಕೊಡಲು ಹೋದ ನಾನು ನರ್ಸುಗಳ ಟೀ ರೂಮಿನ ಬಾಗಿಲಲ್ಲೇ ನಿಂತುಬಿಟ್ಟೆ. ಒಳಗೆ ಸ್ಟೂಲಿನ ಮೇಲೆ ಅಮ್ಮ. ಸುತ್ತ ಕಪ್ಪು ಹಿಡಿದ ಐದಾರು ಹೊಸ ಹುಡುಗಿಯರು.

“ಕಿಟಕಿ ಪಕ್ಕದ ಹಾಸಿಗೆಯಲ್ಲಿ ಒಬ್ರು ಗಡಿಯಾರ ರಿಪೇರಿ ತಾತ ಇದ್ರಂತೆ,” ಅಮ್ಮ ಹೇಳುತ್ತಿದ್ದಳು.

“ಹೂಂ,” ಅಂದರು ಹುಡುಗಿಯರು.

“ತಾತಂಗೆ ಎಡ ಮಂಡಿ ಆಪರೇಷನ್ ಆಗಿತ್ತಂತೆ.”

“ಅಲ್ಲ ಅಕ್ಕಾ! ಬಲ ಮಂಡಿ!” ಗುಂಗುರು ಕೂದಲಿನ ಹುಡುಗಿ ಹಾರಿಬಿದ್ದಳು.

“ನಿಂಗೆ ಹೇಗೆ ಗೊತ್ತು?”

“ಬೆಳಗ್ಗೆ ಎಡಗಾಲಲ್ಲಿ ನಂಗೇ ಒದ್ರು. ಆ ಕಾಲು ಚೆನ್ನಾಗೇ ಇದೆ.”

ಟೀ ರೂಮು ನಗುವಿನಿಂದ ತುಂಬಿಹೋಯಿತು. ಅಜ್ಜಿಯ ಎಮ್ಮೆ ಎಲ್ಲಿಂದೆಲ್ಲಿಗೆ ನಡೆದು ಬಂದಿದೆ!

ಬೆನ್ನ ಹಿಂದೆ ಹೆಡ್ ಸಿಸ್ಟರ್ ನಿಂತಿದ್ದರು. ಎತ್ತರದ ಹೆಂಗಸು, ನಕ್ಕರೂ ಬೈದ ಹಾಗೇ ಕಾಣುವ ಮುಖ. “ನೋಡಿದ್ಯಲ್ಲ ನಿಮ್ಮಮ್ಮನ್ನ? ಡ್ಯೂಟಿ ಮುಗಿಸಿ ಮುಂದಿನವರಿಗೆ ರೋಗಿಗಳ ವಿವರ ಒಪ್ಪಿಸೋವಾಗ ಒಂದಕ್ಷರ ತಪ್ಪಿಲ್ಲದೆ ಒಪ್ಪಿಸ್ತಾಳೆ. ಆಮೇಲೆ ಇಲ್ಲಿ ಬಂದು ಬೇಕು ಅಂತಲೇ ತಪ್ಪು ಹೇಳಿ ಇವರ ಕೈಲಿ ಹಿಡಿಸ್ತಾಳೆ. ಈ ಹುಡುಗೀರು ಒಂದೂ ಮರೆಯಲ್ಲ. ಇವಳು ಕಲಿಸೋಕೆ ಹುಟ್ಟಿದೋಳು ಕಣಮ್ಮ. ಆದ್ರೆ ಡಿಗ್ರಿ ಇಲ್ದೆ ನಾನು ಇವಳಿಗೆ ಕ್ಲಾಸ್ ರೂಮು ಕೊಡೋಕಾಗಲ್ಲ, ಟೀ ರೂಮೇ ಗತಿ. ಎರಡು ವರ್ಷದ ಓದು, ಆಸ್ಪತ್ರೆಯೇ ಕಳಿಸತ್ತೆ. ಕೇಳಿದ್ರೆ ‘ನೋಡೋಣ’ ಅಂತಾಳೆ. ಸೋಮವಾರ ಬೆಳಗ್ಗೆ ನಂಗೆ ಉತ್ತರ ಬೇಕು. ಇಲ್ಲಾಂದ್ರೆ ಆ ಸೀಟು ಇನ್ನೊಬ್ಬರಿಗೆ.”

ಮನೆಯಲ್ಲಿ ನಾನು ಬಾಯಿಬಿಡುವ ತನಕ ಅಮ್ಮ ಈ ವಿಷಯವನ್ನೇ ಎತ್ತಿರಲಿಲ್ಲ. ಕ್ಷೌರದಂಗಡಿ ಮುಚ್ಚಿ ಬಂದ ಅಪ್ಪ ಕೇಳಿ ಕುಣಿದಾಡಿದ. “ಹೋಗೇ ಮಾರಾಯ್ತಿ! ಕೂದಲಿಗೆ ಬಣ್ಣ ನಾನೇ ಹಚ್ಚಿಕೊಡ್ತೀನಿ, ಬಿಟ್ಟಿ. ನಿನ್ನ ಮಗಳ ಕ್ಲಾಸ್‌ಮೇಟ್ ಥರ ಕಾಣ್ತೀಯ.”

“ನಿಮ್ಮ ಬಣ್ಣ ನೀವೇ ಹಚ್ಕೊಳ್ಳಿ ರೀ,” ಅಂದಳು ಅಮ್ಮ. ಆಮೇಲೆ ಪಾತ್ರೆ ಒರೆಸುವಾಗ, ಆಚೆ ಮಲಗಿದ್ದ ಅಜ್ಜಿಗೆ ನಿದ್ದೆ ಬಂತೆಂದುಕೊಂಡು, ನನ್ನೊಬ್ಬಳಿಗೇ ಹೇಳಿದಳು. “ಓದಿಗೆ ಹೆದರಲ್ಲ ಕಣೇ. ಮತ್ತೆ ಹೊಸಬಳಾಗಬೇಕಲ್ಲ, ಅದಕ್ಕೆ ಹೆದರಿಕೆ. ಬಸ್ಸಲ್ಲಿ ಹೊಸಬಳಾದೆ. ಕಾಲೇಜಲ್ಲಿ ಹೊಸಬಳಾದೆ, ಎಲ್ರೂ ಆಂಟೀ ಅಂದ್ರು. ವಾರ್ಡಲ್ಲಿ ಹೊಸಬಳಾದೆ. ಈಗ ಕಣ್ಣು ಮುಚ್ಚಿದ್ರೂ ಹತ್ತಿ ಎಲ್ಲಿದೆ, ಕತ್ತರಿ ಎಲ್ಲಿದೆ ಗೊತ್ತು. ಒಂಚೂರು ಹಾಯಾಗಿರ್ತೀನಿ ಬಿಡು.”

ಪಾತ್ರೆಯ ಹೊಳಪಿನಲ್ಲಿ ಅವಳ ಮುಖ ಕಥೆಯೊಳಗೆ ಕಾಲೆತ್ತಿ ನಿಂತ ಕುದುರೆಯ ಮುಖದ ಹಾಗೆ ಕಂಡಿತು.

ಭಾನುವಾರ ಮಧ್ಯಾಹ್ನ. ಅಮ್ಮ ನಡುಮನೆಯಲ್ಲಿ ಮರುದಿನದ ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಿದ್ದಳು. ಅಪ್ಪ ಬಾಗಿಲಲ್ಲಿ ಕೂತು ಕತ್ತರಿಗಳಿಗೆ ಎಣ್ಣೆ ಬಿಡುತ್ತಿದ್ದ. ಕಾಲು ಚಾಚಿ ಕೂತ ಅಜ್ಜಿ ನನ್ನನ್ನು ಕರೆದಳು. “ಬಾರೇ, ಒಂದು ಕಥೆ ಹೇಳ್ತೀನಿ.”

“ಇಷ್ಟು ವಯಸ್ಸಾದ್ಮೇಲೆ ನಂಗೆಂಥ ಕಥೆ ಅಜ್ಜಿ?”

“ಸುಮ್ನೆ ಹೂಂ ಅನ್ನು. ಒಂದು ಬಸ್ಸಲ್ಲಿ ಒಬ್ಬಳು ಕಂಡಕ್ಟರ್ ಇದ್ಲು.”

“ಹೂಂ.”

“ಅವಳಿಗೆ ಮೆತ್ತನೆ ದನಿ. ಕೂಗಿದ್ರೆ ಪಕ್ಕದವರಿಗೂ ಕೇಳಿಸ್ತಿರಲಿಲ್ಲ.”

ಅಪ್ಪ ಕಿಸಕ್ಕನೆ ನಕ್ಕ. ಅಮ್ಮ ತಲೆ ಎತ್ತಲಿಲ್ಲ. ಆದರೆ ಇಸ್ತ್ರಿಪೆಟ್ಟಿಗೆ ಒಂದು ಗಳಿಗೆ ತಡೆದು ಸಾಗಿತು.

“ಬಸ್ಸು ಬಿಟ್ಟು ಅವಳು ನರ್ಸಾದ್ಲು. ವಾರ್ಡಿಗೆ ಕಾಲಿಟ್ಟ ಮೊದಲನೇ ದಿನವೇ ಎಲ್ಲ ಗೊತ್ತಿತ್ತು ಅವಳಿಗೆ. ಒಂದು ತಪ್ಪಿಲ್ಲ, ಒಂದು ಹೆದರಿಕೆಯಿಲ್ಲ.”

“ಯಾರು ಹೇಳಿದ್ದು ಅತ್ತೆ ನಿಮ್ಗೆ?” ಅಮ್ಮನಿಗೆ ತಡೆಯಲಾಗಲಿಲ್ಲ. “ಮೊದಲನೇ ದಿನ ಬೆಡ್‌ಪ್ಯಾನ್ ಹುಡುಕೋಕೆ ಹೋಗಿ ಬಟ್ಟೆ ಕೋಣೇಲಿ ಚಿಲಕ ಬಿದ್ದು ಸಿಕ್ಕಿಹಾಕ್ಕೊಂಡಿದ್ದೆ. ಬೆಡ್‌ಶೀಟ್ ರಾಶಿ ಮೇಲೆ ಕೂತು ಅತ್ತಿದ್ದೆ!”

“ನಿನ್ನ ಕಥೆ ಅಲ್ಲ ಕಣೇ ಇದು. ಇವಳು ಬೇರೆ ಕಂಡಕ್ಟರ್.” ಅಜ್ಜಿ ಸೆರಗು ಸರಿಮಾಡಿಕೊಂಡಳು. “ಆಯ್ತಪ್ಪ, ಅತ್ಲಂತೆ. ಅತ್ತೋಳು ಅಳ್ತಾನೇ ಇದ್ಲು. ಎಷ್ಟು ವರ್ಷ ಆದ್ರೂ ಅವಳು ಹೊಸಬಳೇ. ಏನೂ ಬರಲಿಲ್ಲ.”

“ವರ್ಷ ಎಲ್ಲಿ ಅತ್ತೆ? ಒಂದು ತಿಂಗಳು, ಅಷ್ಟೇ! ಆಮೇಲೆ ಎಲ್ಲ ಕೈಗೆ ಬಂತು.”

ಹೇಳಿದ ಮೇಲೆ ಅಮ್ಮ ತಾನಾಡಿದ ಮಾತನ್ನು ತಾನೇ ಕೇಳಿಸಿಕೊಂಡವಳಂತೆ ತಲೆ ಎತ್ತಿದಳು.

ಅಜ್ಜಿ ಏನೂ ಗಮನಿಸದವಳ ಹಾಗೆ ಮುಂದುವರಿಸಿದಳು. “ಒಂದಿನ ಅವರ ಹೆಡ್ಡಮ್ಮ ಕರೆದು, ಇನ್ನೂ ಓದು, ಹುಡುಗೀರಿಗೆ ಪಾಠ ಹೇಳು ಅಂದ್ರು. ಅವಳು ಬ್ಯಾಡಪ್ಪ ಅಂದ್ಲು. ಹೋಗಲೇ ಇಲ್ಲ. ಮನೇಲಿ ಅತ್ತೆ ಕಾಲು ಒತ್ಕೊಂಡು ನೂರು ವರ್ಷ ಸುಖವಾಗಿದ್ಲು. ಕಥೆ ಮುಗೀತು.”

ಯಾರೂ ಹೂಂ ಅನ್ನಲಿಲ್ಲ. ಅಪ್ಪನ ಕತ್ತರಿ ಅರ್ಧ ಬಾಯಿ ತೆರೆದು ನಿಂತಿತ್ತು.

“ಹಾಗಲ್ಲ,” ಅಂದಳು ಅಮ್ಮ, ಮೆಲ್ಲಗೆ.

“ಮತ್ತೆ ಹೇಗೆ?”

“ಹಾಗಲ್ಲ ಅತ್ತೆ. ತಪ್ಪು ಹೇಳ್ತಿದ್ದೀರಿ.”

“ವಯಸ್ಸಾಯ್ತಲ್ಲ, ಮರೆತೋಗತ್ತೆ. ಸರಿ, ನೀನೇ ಹೇಳು ಮುಂದೆ.”

ಅಮ್ಮ ಅಜ್ಜಿಯ ಮುಖವನ್ನೇ ದಿಟ್ಟಿಸಿ ನೋಡಿದಳು. ಆ ಎಮ್ಮೆಯನ್ನು ಅವಳು ಆಗಲೇ ಗುರುತಿಸಿದ್ದಿರಬೇಕು. ದಿನಾ ಟೀ ರೂಮಿಗೆ ಹೊಡೆದುಕೊಂಡು ಹೋಗುವವಳು ಅವಳೇ ತಾನೆ? ಆದರೂ ತುಟಿಯಂಚಿನಲ್ಲಿ ನಗು ಏಳತೊಡಗಿತು.

“ಅವಳು ಹೋದ್ಲು,” ಅಂದಳು.

“ಹೂಂ,” ಅಂದಳು ಅಜ್ಜಿ.

“ಮತ್ತೆ ಹೊಸಬಳಾದ್ಲು. ಮೊದಲನೇ ದಿನ ಕ್ಲಾಸ್ ರೂಮ್ ಸಿಗದೆ ದಾರಿ ತಪ್ಪಿದ್ಲು.”

“ಹೂಂ,” ಅಂದೆವು ನಾನೂ ಅಜ್ಜಿಯೂ.

“ಎಲ್ರೂ ಆಂಟೀ ಅಂದ್ರು. ಅನ್ನಲಿ. ಅವಳು ಬಾಗಿಲ ಪಕ್ಕದ ಸೀಟು ಹಿಡಿದು ಕೂತ್ಲು, ಅಭ್ಯಾಸ ಬಲ. ಒಂದು ತಿಂಗಳು ಕಷ್ಟ ಆಯ್ತು...”

“ಹೂಂ!” ಈ ಸಲ ಅಪ್ಪನದೂ ಸೇರಿ ಮೂವರ ದನಿ. ನನ್ನ ಕಣ್ಣಿಗೆ ನಮ್ಮ ನಡುಮನೆ ಆಗಲೇ ಹೊರಟು, ಕಿಟಕಿಯಾಚೆ ಬೀದಿ ಹಿಂದಕ್ಕೆ ಓಡುತ್ತಿದ್ದಂತಿತ್ತು.

ಆಗಲೇ ಏನೋ ಸುಟ್ಟ ವಾಸನೆ ಬಂತು.

“ಹೋಲ್ಡಾನ್!” ಎಂದು ಅಮ್ಮ ಕೂಗಿದ ಕೂಗಿಗೆ ಮೇಲಿನ ಮನೆಯವರು ಇಣುಕಿದರು. ಇಸ್ತ್ರಿಪೆಟ್ಟಿಗೆ ಎತ್ತುವಷ್ಟರಲ್ಲಿ ಯೂನಿಫಾರ್ಮಿನ ಬೆನ್ನ ಮೇಲೆ ಕಂದು ಬಣ್ಣದ ದೋಣಿಯೊಂದು ಮೂಡಿತ್ತು.

“ಹಾಳಾಯ್ತು! ನಾಳೆ ಹೆಡ್ ಸಿಸ್ಟರ್ ಏನಂತಾರೋ!”

“ಏನಂತಾರೆ?” ಅಂದ ಅಪ್ಪ. “ಬೆನ್ನು ಗೋಡೆಗಿಟ್ಟು ನಿಂತ್ಕೊಂಡು ‘ಹೋಗ್ತೀನಿ’ ಅನ್ನು, ಸಾಕು.”

ಅಜ್ಜಿ ಆ ದೋಣಿಯ ಮೇಲೆ ಬೆರಳಾಡಿಸಿ, ತೃಪ್ತಿಯಿಂದ ಕಾಲು ಚಾಚಿ ಮಲಗಿದಳು. “ಪರೀಕ್ಷೆ ಶುರುವಾದಾಗ ಹೇಳು ಹುಡುಗೀ. ಈ ಸಲಕ್ಕೆ ಅಂತಲೇ ಒಳ್ಳೊಳ್ಳೇ ಕಾಯಿಲೆ ಕೂಡಿಟ್ಟಿದೀನಿ.”