ಉಗ್ರಾಣದ ಭಾವನ ನಾಲ್ಕು ಜಿಬಿ

ಇದು ನಡೆದ ಸಂಗತಿ. ಸಂಶಯವಿದ್ದವರು ಬಾಮೈದನನ್ನೇ ಕೇಳಬಹುದು. ನಿಮಗೆ ಬೇಕಾದವರ ದನಿಯಲ್ಲಿ ಸಾಕ್ಷಿ ಹೇಳುತ್ತಾನೆ.

ಬಾಮೈದನ ಕಸುಬು ಕಂಪ್ಯೂಟರ್ ರಿಪೇರಿ, ಚಟ ಮಿಮಿಕ್ರಿ. ಅವನ ಅಕ್ಕ ಕಣ್ಣು ಕಾಣದ ಮಕ್ಕಳಿಗಾಗಿ ಪಾಠ ಓದಿ ಮನೆಯ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡುತ್ತಿದ್ದಳು. ಭಾವ ಕಾರ್ಖಾನೆಯೊಂದರ ಉಗ್ರಾಣ ನೋಡಿಕೊಂಡು ನಿವೃತ್ತರಾದವರು. ಬೋಲ್ಟು ಕೇಳಿ ಬಂದವನಿಂದ ಹಳೇ ಬೋಲ್ಟು ಇಸಿದುಕೊಳ್ಳದೆ ಹೊಸದು ಕೊಟ್ಟವರಲ್ಲ.

ಆ ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿಸಿದಾಗಿನಿಂದ ರಗಳೆ ಶುರು. ಅಕ್ಕ ಪಾಠದ ನಡುವಿಗೆ ಬರುವಷ್ಟರಲ್ಲಿ ಪರದೆ ಸೆಟೆದು ನಿಲ್ಲುತ್ತಿತ್ತು, ಓದಿದ್ದೆಲ್ಲ ಗಾಳಿಪಾಲು. ಮಕ್ಕಳ ಪರೀಕ್ಷೆ ಹತ್ತಿರ ಬಂದಿತ್ತು, ಇತಿಹಾಸದ ಕೊನೇ ಪಾಠ ಇನ್ನೂ ಬಾಕಿ. ಆ ಬೆಳಿಗ್ಗೆ ಮತ್ತೆ ನಿಂತಾಗ ಅಕ್ಕ ಹೆಡ್‌ಫೋನ್ ತೆಗೆದಿಟ್ಟು ಗಂಟಲು ಸವರಿಕೊಂಡಳು. ತಮ್ಮ ಚೀಲ ಎತ್ತಿಕೊಂಡು ಭಾವನತ್ತ ತಿರುಗಿದ.

“ಭಾವ, ಮೆಮೊರಿ ಸಾಲ್ತಾ ಇಲ್ಲ. ಇರೋದು ನಾಲ್ಕು ಜಿಬಿ, ಎಂಟಾದ್ರೂ ಬೇಕು. ಚೀಲದಲ್ಲೇ ಇದೆ, ಈಗಲೇ ಕೂರಿಸ್ತೀನಿ.”

“ಸಿಸ್ಟಮ್ ಮಾಡಿದವರೇ ಬರೆದಿದಾರಲ್ಲಯ್ಯ, ಕನಿಷ್ಠ ನಾಲ್ಕು ಅಂತ! ಅವರಿಗಿಂತ ನೀನು ಬಲ್ಲೆಯಾ?”

“ಕನಿಷ್ಠ ಅಂದ್ರೆ ಅದು ಎದ್ದು ಕೂತ್ಕೊಳ್ಳೋಕೆ, ಭಾವ. ಅರ್ಧಕ್ಕಿಂತ ಜಾಸ್ತಿ ಸಿಸ್ಟಮ್ಮೇ ತಿಂದ್ಬಿಡುತ್ತೆ. ಅಕ್ಕನ ರೆಕಾರ್ಡಿಂಗಿಗೆ ತಟ್ಟೆ ನೆಕ್ಕೋದೇ ಗತಿ.”

“ತಿನ್ನೋನ ಕೈ ಹಿಡೀಬೇಕು, ಇನ್ನೊಂದು ತಟ್ಟೆ ಇಡಬಾರದು. ನಿಮ್ಮಕ್ಕ ಸ್ವಲ್ಪ ಬೇಗ ಓದಲಿ.”

“ಹೌದ್ರೀ, ರಾಜರ ಜೊತೆ ನಾನೂ ಕುದುರೆ ಹತ್ತಿ ಓದ್ತೀನಿ,” ಎಂದಳು ಅಕ್ಕ. ದನಿ ಒಡೆದಿತ್ತು.

ಕದ್ದು ಕೂರಿಸುವುದು ಬಾಮೈದನಿಗೆ ಕಷ್ಟವೇನಲ್ಲ. ಆದರೆ ಉಗ್ರಾಣ ಕೈಬಿಟ್ಟ ಮೇಲೆ ಭಾವನ ಅಧಿಕಾರಕ್ಕೆ ಉಳಿದದ್ದು ಈ ಮನೆಯ ಸಾಮಾನುಗಳಷ್ಟೇ. ಅದನ್ನೂ ಕಿತ್ತುಕೊಳ್ಳಲು ಅವನಿಗೆ ಮನಸ್ಸು ಬರಲಿಲ್ಲ. ಅವನು ಹೊರಗಿನ ಮೆಟ್ಟಿಲಿಗೆ ಹೋಗಿ ಮನೆಯ ಫೋನಿಗೇ ಕರೆ ಮಾಡಿದ. ಭಾವನ ಹಳೇ ಮ್ಯಾನೇಜರು ಮಾತಿಗೊಂದು ಕೆಮ್ಮು ಸೇರಿಸುವವರು. ಆ ಕೆಮ್ಮನ್ನು ಬಾಮೈದ ಎಂದೋ ಲಪಟಾಯಿಸಿಟ್ಟುಕೊಂಡಿದ್ದ.

“ಯಾರು, ಸ್ಟೋರ್ಸಾ? ಖೊಹ್! ಇಲ್ಲಿ ಹೊಸಬರಿಗೆ ತಿಳಿಸ್ಬೇಕು. ಕನಿಷ್ಠ ದಾಸ್ತಾನು ಅಂತ ಗೂಡುಗಳ ಮೇಲೆ ಕೆಂಪು ಗೆರೆ ಎಳೀತಿದ್ರಲ್ಲ, ಅದೇನು ಹೇಳಿ.”

ಕಿಟಕಿಯಾಚೆ ಭಾವ ಎದ್ದು ನಿಂತದ್ದು ಕಂಡಿತು. “ಅದು ಅಪಾಯದ ಗೆರೆ ಸಾರ್! ಸರಕು ಅಲ್ಲಿಗೆ ಇಳಿಯೋ ಮುಂಚೆ ತರಿಸ್ಬೇಕು. ಗೆರೆ ಮೇಲೇ ಕೂತು ಕಾರ್ಖಾನೆ ನಡೆಸ್ತೀನಿ ಅಂದ್ರೆ, ಕೆಲಸ ಜಾಸ್ತಿಯಾದ ದಿನ ಮಿಷೀನು ನಿಂತೇ ನಿಲ್ಲುತ್ತೆ. ಹಾಗೆ ಮಾಡೋನು ಸ್ಟೋರ್‌ಕೀಪರೇ ಅಲ್ಲ ಸಾರ್, ಶುದ್ಧ ದಡ್ಡ…”

ಭಾವನ ಕಣ್ಣು ನಿಧಾನವಾಗಿ ಕಂಪ್ಯೂಟರಿನತ್ತ ಹೊರಳಿತು.

“ಖೊಹ್! ಸರಿಯಾಗಿ ಹೇಳಿದ್ರಿ,” ಎಂದು ಬಾಮೈದ ಫೋನ್ ಇಟ್ಟ.

ಅವನು ಒಳಬಂದಾಗ ಭಾವ ಸ್ಕ್ರೂಡ್ರೈವರ್ ಹಿಡಿದು ನಿಂತಿದ್ದರು. “ಎಂಟು ಸಾಕೇನಯ್ಯ? ಹದಿನಾರೇ ಹಾಕಿಬಿಡು.”

“ಹದಿನಾರು ಯಾಕೆ ಭಾವ, ಅಕ್ಕ ಸಿನಿಮಾ ತೆಗೀತಾಳಾ? ಎಂಟು ಸಾಕು.”

ಸಂಜೆ ಅಕ್ಕ ಬಾಗಿಲು ಹಾಕಿಕೊಂಡು ಓದತೊಡಗಿದಳು. ಹೊರಗೆ ಇಬ್ಬರೂ ಬಾಗಿಲಿಗೆ ಕಿವಿಕೊಟ್ಟು ಕೂತರು. ಯಾವಾಗಲೂ ಕೈಕೊಡುವ ಜಾಗ ದಾಟಿತು. ಯುದ್ಧ ಮುಗಿಯಿತು, ಒಪ್ಪಂದಕ್ಕೆ ಸಹಿಯೂ ಬಿತ್ತು. ಅಕ್ಕ ಹೊರಬಂದು, “ಆಯ್ತು ಕಣ್ರೀ, ಪೂರ್ತಿ ಆಯ್ತು. ಮಕ್ಕಳಿಗೆ ಕಳಿಸಿಯೂ ಆಯ್ತು,” ಎಂದು ಕುರ್ಚಿಗೆ ಕುಸಿದಳು.

“ಮ್ಯಾನೇಜರು ಒಳ್ಳೇ ಹೊತ್ತಿಗೆ ಫೋನ್ ಮಾಡಿದ್ರು,” ಎಂದರು ಭಾವ. “ಇವತ್ತಿಗೂ ನನ್ನನ್ನೇ ಕೇಳ್ತಾರೆ ನೋಡು.”

ಅವರ ಮುಖದ ಕಳೆ ನೋಡಿ ಬಾಮೈದನಿಗೆ ಪಿಚ್ಚೆನಿಸಿತು. “ಭಾವ… ಅದು ಮ್ಯಾನೇಜರಲ್ಲ. ನಾನು.”

ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದಳು. ಭಾವ ಅವನನ್ನೇ ದಿಟ್ಟಿಸಿದರು. “ಪ್ರಶ್ನೆ ನಿಂದಾ?”

“ಪ್ರಶ್ನೆ ನಂದು. ಉತ್ತರ ಮಾತ್ರ ಅಪ್ಪಟ ನಿಮ್ಮದು.”

“ಎಲಾ ಕಳ್ಳ! ನನ್ನ ಬಾಯಿಂದ್ಲೇ ನನ್ನನ್ನ ಶುದ್ಧ ದಡ್ಡ ಅನ್ನಿಸಿದ್ಯಲ್ಲೋ!” ಭಾವ ತೊಡೆ ತಟ್ಟಿ ನಗತೊಡಗಿದರು. ಅಕ್ಕ ನಕ್ಕಳು, ಬಾಮೈದನೂ ನಕ್ಕ. ಆದರೆ ಭಾವನ ನಗೆಯ ಅಬ್ಬರದಲ್ಲಿ ಅವರಿಬ್ಬರದೂ ಕೇಳಿಸಲೇ ಇಲ್ಲ.