ಕೊಯ್ಯದೆ ಬಿಟ್ಟ ಜೇನು

ತ್ಸುಶಿಮಾ ದ್ವೀಪದಲ್ಲಿ ಶರತ್ಕಾಲ ಬಂತೆಂದರೆ ಜೇನು ಕೊಯ್ಯಲೇಬೇಕು. ಜೇನುಗೂಡಾಗಿ ನಿಲ್ಲಿಸಿದ ಟೊಳ್ಳು ಕೊರಡಿನ ಮುಚ್ಚಳ ತೆಗೆದರೆ ಮೇಲಿನರ್ಧ ಎರಿ ಮನುಷ್ಯರಿಗೆ, ಕೆಳಗಿನರ್ಧ ನೊಣಗಳಿಗೆ. ಶಿಗೆನೊ ಮಾತ್ರ ಈ ಸಲ ಚಾಕುವನ್ನೇ ಮುಟ್ಟಲಿಲ್ಲ. ಗುಡ್ಡದ ಓರೆಯಲ್ಲಿದ್ದ ಅವಳ ಗೂಡುಗಳೆಲ್ಲ ಬೇಸಿಗೆಯ ರೋಗಕ್ಕೆ ಖಾಲಿಯಾಗಿ ಒಂದೇ ಒಂದು ಉಳಿದಿತ್ತು. ಅದರಲ್ಲೂ ಹಿಡಿಯಷ್ಟು ನೊಣ. ಅದು ಚಳಿಗಾಲ ದಾಟಿದರೆ ವಸಂತದಲ್ಲಿ ಹಿಂಡು ಒಡೆದು ಎರಡಾಗಿ ಮಿಕ್ಕ ಕೊರಡುಗಳಿಗೂ ಜೀವ ಬಂದೀತು. ಇಲ್ಲವಾದರೆ ಅಪ್ಪ ಸಾಕಿದ ಸಂತತಿ ಅಲ್ಲಿಗೇ ಮುಗಿಯಿತು. ಬಡಪಾಯಿಗಳ ಬಾಯಿಂದ ತುತ್ತು ಕಸಿಯುವ ಪಾಪ ನನಗೇಕೆ ಎಂದುಕೊಂಡಳು. ಅಯ್ಯೋ, ಆ ಕರುಣೆಯೇ ಮುಳುವಾಯಿತು!

"ಏನಕ್ಕಾ, ನೊಣಕ್ಕೆ ಹಬ್ಬದೂಟ ಹಾಕಿದ್ದೀಯಂತೆ?" ಎಂದು ಚಿಕ್ಕಪ್ಪನ ಮಗ ಕಾನ್‌ಸಾಕು ದಾರಿಯಲ್ಲಿ ಛೇಡಿಸಿದ್ದ.

"ಹೋಗೋ, ನಿನ್ ಹಾಗೆ ಹೊಟ್ಟೆಬಾಕಿ ಅಲ್ಲ ನಾನು."

ಒಂದು ಬೆಳಿಗ್ಗೆ ಗೂಡಿನ ಬುಡ ಗುಡಿಸಲು ಬಗ್ಗಿದವಳಿಗೆ ಕರಿ ರವೆಯಂಥ ಹಿಕ್ಕೆ ಕಂಡಿತು. ಮುಚ್ಚಳ ಎತ್ತಿದರೆ ಎರಿಗಳಿಗೆಲ್ಲ ಬಲೆ ಮೆತ್ತಿಕೊಂಡು, ಒಳಗೆ ಬಿಳಿ ಹುಳಗಳು ಹರಿದಾಡುತ್ತಿದ್ದವು. ಓಡಿಹೋಗಿ ಕಾನ್‌ಸಾಕುವನ್ನು ಕರೆತಂದಳು. ಅವನು ಇಣುಕಿದವನೇ ತಮಾಷೆ ಮರೆತ.

"ಮೇಣದ ಹುಳ ಅಕ್ಕಾ. ನೊಣ ಕೂರದ ಎರಿ ಅಂದ್ರೆ ಕಾವಲಿಲ್ಲದ ಕಣಜ. ಇಷ್ಟೇ ಇಷ್ಟು ನೊಣ ಇಷ್ಟು ದೊಡ್ಡ ಮನೆ ಹೇಗೆ ಕಾಯ್ತಾವೆ? ದೊಡ್ಡಪ್ಪ ಅರ್ಧ ಕೊಯ್ತಿದ್ದದ್ದು ಬರೀ ಬಾಯಿ ಚಪಲಕ್ಕಾ?"

ಅವಳಿಗೆ ಅಳು ಉಕ್ಕಿತು. ಅಳುತ್ತಲೇ ಬಲೆ ಹಿಡಿದ ಎರಿಗಳನ್ನು ಕೊಯ್ದು ಹಾಕಿದಳು. ಕಾನ್‌ಸಾಕು ಊಟದ ಕಡ್ಡಿಗಳಿಂದ ಹುಳ ಹೆಕ್ಕಿ ಹೆಕ್ಕಿ ಬಿಸಿನೀರಿಗೆ ಬಿಟ್ಟ. ಆದರೆ ಹುಳಗಳು ಆಗಲೇ ಮರಿಗಳಿದ್ದ ಎರಿಯನ್ನೂ ಕೊರೆದುಬಿಟ್ಟಿದ್ದವು. ಒಂದನ್ನು ಎಳೆದರೆ ಅದರ ಹಿಂದೆ ಹತ್ತು.

ಮರುದಿನ ಬಿಸಿಲೇರಿದಾಗ ನೊಣಗಳು ಗೂಡಿನಿಂದ ಹೊರಬಿದ್ದು ಗುಂಯ್ ಎಂದು ಮೇಲೆದ್ದವು. "ನೀರು ಎರಚೋ, ಎರಚೋ! ರೆಕ್ಕೆ ನೆಂದ್ರೆ ಇಳೀತಾವೆ!" ಎಂದು ಶಿಗೆನೊ ಕೂಗಿದಳು. ಕಾನ್‌ಸಾಕು ಬಕೆಟ್ಟನ್ನೇ ಬರಿದು ಮಾಡಿದ. ಒಂದಾದರೂ ಕೆಳಗಿಳಿಯಬೇಕೆ! ಅವು ಮರಗಳ ತಲೆ ದಾಟಿ ಕಡಲ ದಿಕ್ಕಿಗೆ ಹೊರಟುಹೋದವು.

"ಎಲ್ಲಾದ್ರೂ ಪೊಟರೆ ಸಿಗತ್ತೆ ಬಿಡಕ್ಕಾ," ಎಂದ ಕಾನ್‌ಸಾಕು.

"ಈ ಚಳೀಲಿ ಹೂವೆಲ್ಲಿದೆ? ಏನ್ ತಿಂದು ಎರಿ ಕಟ್ತಾವೆ? ಸುಳ್ಳು ಸಮಾಧಾನ ಬೇಡ ಕಣೋ."

ಶಿಗೆನೊ ಖಾಲಿ ಕೊರಡಿಗೆ ಒರಗಿ ಕುಸಿದು ಕೂತಳು.

"ನಾನು ಆಸೆಬುರುಕಿಯಾಗಿ ಅರ್ಧ ಕಿತ್ಕೊಂಡಿದ್ರೆ ಬದುಕ್ತಿದ್ವು ಅಲ್ವೇನೋ?"

ಕಾನ್‌ಸಾಕು ಹೌದೆಂಬಂತೆ ತಲೆಯಾಡಿಸಿ, ಖಾಲಿ ಕೊರಡಿನ ಮುಚ್ಚಳ ಮುಚ್ಚಿದ.